ಬಾಗಿಲು ಹಾಕದೆ ಬಾಟ್‌ಗಳನ್ನು ಸಂಭಾಳಿಸಿದ್ದು

ನಮ್ಮ ಮಲೆನಾಡಿನ ಮಾತುಗಳ ಆನ್‌ಲೈನ್ ಪದಕೋಶ ಈಗ ತಿಂಗಳಿಗೆ 400 ಚಿಲ್ಲರೆ ರೂಪಾಯಿಯಲ್ಲಿ ಆರಾಮಾಗಿ ನಡೆಯುತ್ತಿದೆ. ಬಾಟ್‌ಗಳು, ಅಂದರೆ ತಾವಾಗಿಯೇ ಸೈಟು ಸುತ್ತಿ ಪುಟ ಎತ್ತಿಕೊಳ್ಳುವ ಪ್ರೋಗ್ರಾಂಗಳು, ಸೈಟಿಗೆ ಮುತ್ತಿದಾಗ "ಮುಚ್ಚು ಮಾರಾಯ, ಇಲ್ಲ ಲಾಗಿನ್ ಹಾಕು" ಎಂದಿದ್ದ ಗೆಳೆಯರೇ ಈಗ ಸೆಟಪ್ ಹೇಗೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆದೆ.

ಹೋದ ಮಳೆಗಾಲದಲ್ಲಿ ಶುರುವಾಯಿತು. ಇರುವುದು 7 ಸಾವಿರ ಪದ, ದಿನಕ್ಕೆ 300 ಜನ ಓದಿದರೆ ಹೆಚ್ಚು. ಒಂದು ರಾತ್ರಿ, ಯಾರು ಯಾವ ಪುಟ ಕೇಳಿದರು ಅಂತ ಬರೆದಿಡುವ ಲಾಗ್‌ನಲ್ಲಿ ಹತ್ತಿರ ಹತ್ತಿರ 4 ಲಕ್ಷ ಸಾಲು! ಅಕ್ಷರ, ಊರು, ವಿಷಯ ಅಂತ ಮೂರು ಫಿಲ್ಟರ್ ಇಟ್ಟಿದ್ದೆ. ಎಐಗೆ ಡೇಟಾ ಬಾಚುವ ಬಾಟ್‌ಗಳು, ಅಂದರೆ ಕ್ರಾಲರ್‌ಗಳು, ಅವನ್ನೇ ಹೊಸೆದು ಹೊಸೆದು 'ಳ' ಅಕ್ಷರ, ತೀರ್ಥಹಳ್ಳಿ, ಮೀನು ಅನ್ನುವಂಥ ಪುಟ ಕೇಳುತ್ತಿದ್ದವು. 'ಳ'ದಿಂದ ನಮ್ಮಲ್ಲಿ ಪದ ಶುರುವಾಗುವುದೇ ಇಲ್ಲ, ಅಲ್ವಾ? ಪಾಪ, ಡೇಟಾಬೇಸ್ ಪ್ರತಿ ಸಲವೂ ಹುಡುಕಿ ಹುಡುಕಿ ಸುಸ್ತಾಗಿ ಬಿತ್ತು. ಯಾರೂ ನೋಡದ ಪುಟಗಳಾದ್ದರಿಂದ, ಒಮ್ಮೆ ತೋರಿಸಿದ ಪುಟದ ಪ್ರತಿ ಇಟ್ಟುಕೊಳ್ಳುವ ಕ್ಯಾಶ್ (cache) ಕೂಡ ಕೈಕೊಟ್ಟಿತು. ವಿಕಿಪೀಡಿಯ ನಡೆಸುವ ವಿಕಿಮೀಡಿಯದವರದ್ದೂ ಇದೇ ಗೋಳು. ಅವರಿಗೆ ದುಬಾರಿ ಬೀಳುವ ಟ್ರಾಫಿಕ್‌ನಲ್ಲಿ 65% ಬಾಟ್‌ಗಳದ್ದು ಅಂತ 2025ರ ಏಪ್ರಿಲ್‌ನಲ್ಲಿ ಹೇಳಿಕೊಂಡಿದ್ದರು. ನನ್ನ ಆ ತಿಂಗಳ ಬಿಲ್ 6,800ರ ಆಸುಪಾಸು. ಮನೆಯಲ್ಲಿ ಹೇಳಲಿಲ್ಲ.

ಮೊದಲು ಬಾಟ್‌ಗಳಿಗೆ 'ಇಲ್ಲಿ ಬರಬೇಡಿ' ಅನ್ನುವ ರೋಬೋಟ್ಸ್ ಫೈಲ್ (robots.txt) ಇಟ್ಟೆ. ಅದು 1994ರ ಕಾಲದ ಮರ್ಯಾದೆಯ ಕಟ್ಟಳೆ. ಮರ್ಯಾದೆ ಇದ್ದವು ಕೇಳಿದವು. ಉಳಿದವುಗಳ ಐಪಿ, ಅಂದರೆ ನೆಟ್ ವಿಳಾಸ, ಬ್ಯಾನ್ ಮಾಡಿದೆ. ಒಂದು ಐಪಿಯಿಂದ ಎರಡೇ ರಿಕ್ವೆಸ್ಟ್, ಆಮೇಲೆ ಬೇರೆ ಐಪಿ. ಸಿಟ್ಟಿಗೆ ಇಡೀ ದೇಶಗಳನ್ನೇ ಬ್ಲಾಕ್ ಮಾಡಿದೆ. "ಏನ್ ಸ್ವಾಮಿ, ನಮ್ಮನ್ನೂ ಹೊರಗಿಟ್ರಾ?" ಅಂತ ಸಿಂಗಪುರದ ಓದುಗರೊಬ್ಬರ ಮೇಲ್ ಬಂತು. ಬ್ರೌಸರ್‌ಗೆ ಲೆಕ್ಕ ಕೊಟ್ಟು, ಬಿಡಿಸಿದರೆ ಒಳಗೆ ಬಿಡುವ ತಡೆ ಹಾಕಿದೆ. ಬಾಟ್ ಇಳಿದವು. ಆದರೆ ದೊಡ್ಡಮ್ಮನ ಹಳೇ ಫೋನ್‌ನಲ್ಲಿ ಪುಟ ತೆರೆಯಲು 20 ಸೆಕೆಂಡ್. ಅರ್ಧ ಪದ ಕೊಟ್ಟವರೇ ಅವರು! ತೆಗೆದೆ.

ಕೊನೆಗೆ ಡೇಟಾಬೇಸನ್ನೇ ಕಿತ್ತೆ. ಅಷ್ಟೂ ಪದಗಳನ್ನು ಮೊದಲೇ ಸಿದ್ಧವಾದ ಎಚ್‌ಟಿಎಂಎಲ್ ಪುಟ ಮಾಡಿಟ್ಟೆ, ಫಿಲ್ಟರ್ ಲಿಂಕ್ ಎಲ್ಲ ಔಟ್. ಹುಡುಕಾಟ ಓದುಗರ ಬ್ರೌಸರ್‌ನಲ್ಲೇ. ಇಂಡೆಕ್ಸನ್ನು ಮೊದಲಕ್ಷರದ ಪ್ರಕಾರ ಒಡೆದೆ; 'ಕ' ಫೈಲೇ ದೊಡ್ಡದು, 60 ಕೆಬಿ ಇರಬಹುದು. ಎರಡು ವಾರ ತಿಂದದ್ದು ಝೆಡ್‌ಡಬ್ಲ್ಯುಎನ್‌ಜೆ (ZWNJ), ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಗುರುತು. ಕೆಲವು ಕೀಬೋರ್ಡ್ ಅದನ್ನು ಸೇರಿಸುತ್ತವೆ, ಕೆಲವು ಇಲ್ಲ. ನೋಡಲು ಒಂದೇ ಪದ, ಹುಡುಕಿದರೆ ಇಲ್ಲ. ಇಂಡೆಕ್ಸ್‌ನಲ್ಲೂ, ಟೈಪ್ ಮಾಡಿದ್ದರಲ್ಲೂ ಅದನ್ನು ಕಿತ್ತುಹಾಕಿದ ಮೇಲೆ ಸರಿಹೋಯಿತು.

ಇಡೀ ಪದಕೋಶದ ಜಿಪ್ ಮುಖಪುಟದಲ್ಲೇ ಇದೆ. ಬೇಕಾದವರು ಒಂದೇ ಸಲ ಹೊತ್ತುಕೊಂಡು ಹೋಗಲಿ. ಮಾತು ಕೇಳದ ಬಾಟ್‌ಗಳಿಗೆ ಒಂದು ಬೋನೂ ಇಟ್ಟಿದ್ದೇನೆ. ಎಲ್ಲಿ ಅಂತ ಹೇಳುವುದಿಲ್ಲ, ನಾಳೆ ಅವೇ ಇದನ್ನು ಓದುತ್ತವೆ.

ಇನ್ನೊಂದು ತರಲೆ. ಸುಮ್ನೆ ನಾನೇ ಹುಟ್ಟಿಸಿದ ಪದವೊಂದನ್ನು ಸೇರಿಸಿದ್ದೆ. 'ಗುಮಟಿಕೆ', ಸೋರುವ ಹಂಚಿನ ಕೆಳಗೆ ಇಡುವ ಪಾತ್ರೆ. ಆರೇಳು ತಿಂಗಳ ಮೇಲೆ ಒಂದು ಚಾಟ್‌ಬಾಟ್ ಅದೇ ಅರ್ಥ ಹೇಳಿತು. ನನ್ನ ಸೈಟಿನ ಹೆಸರಿಲ್ಲ, ಮೇಲಿಂದ ಸಂಸ್ಕೃತ ಮೂಲ ಬೇರೆ! ಬಿದ್ದು ಬಿದ್ದು ನಕ್ಕೆ. ಆಮೇಲೆ ದೊಡ್ಡಮ್ಮ ಫೋನ್ ಮಾಡಿದರು. "ಇದು ಯಾರ ಮನೆ ಮಾತೋ? ನಾನು ಕೇಳೇ ಇಲ್ಲ. ವಯಸ್ಸಾಯ್ತು ನೋಡು, ಮರೆತಿರಬೇಕು."

ಅವತ್ತೇ ಅಳಿಸಿದೆ, ಜಿಪ್‌ನಿಂದಲೂ.