ಡ್ರಾಫ್ಟ್‌ಗೆ ಹೋಗ್ಲಾ, ಇನ್ನೊಂದು ವರ್ಷ ಇರ್ಲಾ?

ಅಮೆರಿಕದ ಮಿಡ್‌ವೆಸ್ಟ್ ಕಡೆಯ ಒಂದು ಸರ್ಕಾರಿ ಯೂನಿವರ್ಸಿಟಿಯಲ್ಲಿ ಆಟಗಾರರ ಓದು ನೋಡಿಕೊಳ್ಳುವ ಅಡ್ವೈಸರ್ ನಾನು. ಯಾವ ಕೋರ್ಸ್ ತೆಗೆದುಕೊಳ್ಳಬೇಕು, ಮ್ಯಾಚ್‌ಗೆ ಹೋಗಿ ತಪ್ಪಿದ ಪರೀಕ್ಷೆ ಯಾವಾಗ ಬರೆಯಬೇಕು, ವರ್ಷವಿಡೀ ಇಂಥವೇ. ಆದರೆ ಮಾರ್ಚ್ ಮ್ಯಾಡ್ನೆಸ್ ಅನ್ನುವ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿ ಮುಗಿದು ಏಪ್ರಿಲ್ ಬಂತು ಅಂದರೆ ಬ್ಯಾಸ್ಕೆಟ್‌ಬಾಲ್ ಹುಡುಗರು ಬೇರೆಯೇ ಪ್ರಶ್ನೆ ಹಿಡಿದು ಬರುತ್ತಾರೆ. ಡಿಗ್ರಿ ಮುಗಿಯುವ ಮೊದಲೇ ಎನ್‌ಬಿಎ ಡ್ರಾಫ್ಟ್‌ಗೆ ಹೋಗಲಾ, ಇನ್ನೊಂದು ವರ್ಷ ಇಲ್ಲೇ ಇರಲಾ? ಎನ್‌ಬಿಎ ಅಂದರೆ ಇಲ್ಲಿನ ದೊಡ್ಡ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್. ಅದರ ತಂಡಗಳು ವರ್ಷಕ್ಕೊಮ್ಮೆ, ಜೂನ್‌ನಲ್ಲಿ, ಎರಡು ಸುತ್ತಿನಲ್ಲಿ ಸರದಿಯ ಮೇಲೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದೇ ಡ್ರಾಫ್ಟ್. ಎಷ್ಟನೆಯವನಾಗಿ ಆರಿಸಿದರೋ ಅದೇ ಅವನ ನಂಬರು.

ಇದಕ್ಕೆ ಉತ್ತರ ಹೇಳುವುದು ನನ್ನ ಕೆಲಸವಲ್ಲ. ಅದಕ್ಕೆ ಕೋಚ್ ಇದ್ದಾರೆ, ಏಜೆಂಟ್ ಇದ್ದಾನೆ, ಮನೆಯವರಿದ್ದಾರೆ. ಆದರೆ ಹುಡುಗ ಹೋದರೂ ಇದ್ದರೂ ಲಾಭ ನಷ್ಟ ಏನೂ ಇಲ್ಲದವನು ಆ ಗುಂಪಿನಲ್ಲಿ ನಾನೊಬ್ಬನೇ. ಅದಕ್ಕೇ ಇರಬೇಕು, ನನ್ನ ಹತ್ತಿರ ಬಂದು ಕೂರುತ್ತಾರೆ. ವರ್ಷಗಳಿಂದ ಅವರ ಜೊತೆ ಕೂತು ನಾನು ಮಾಡಿಕೊಂಡ ಒಂದು ಕ್ರಮ ಇದೆ. ಅದನ್ನು ಬರೆಯುತ್ತೇನೆ.

ಊರಿಗೆ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದರೆ ಅಮ್ಮನಿಗೆ ಸಮಾಧಾನ ಇಲ್ಲ. "ಡಿಗ್ರಿ ಮುಗಿಸದೆ ಹೋಗ್ತಾನಂತಾ? ಮೇಷ್ಟ್ರ ಥರ ಕೂತಿದ್ದೀಯ, ಬುದ್ಧಿ ಹೇಳಬಾರದೇನೋ?" ಅಂತಾರೆ. ನಾನು ಆ ಬುದ್ಧಿ ಹೇಳುವುದಿಲ್ಲ. ಡಿಗ್ರಿ ನಲವತ್ತಕ್ಕೂ ಸಿಗುತ್ತದೆ, ಇಪ್ಪತ್ತರ ಮಂಡಿ ಸಿಗಲ್ಲ. ಅಮೆರಿಕದಲ್ಲೂ ಹಿಂದೆ ನಮ್ಮಮ್ಮನ ಥರದ ಯೋಚನೆಯೇ ನಿಯಮವಾಗಿತ್ತು. ಹೈಸ್ಕೂಲು ಮುಗಿದು ನಾಲ್ಕು ವರ್ಷ ಆಗುವ ತನಕ ಎನ್‌ಬಿಎ ಯಾರನ್ನೂ ಸೇರಿಸುತ್ತಿರಲಿಲ್ಲ. ಸ್ಪೆನ್ಸರ್ ಹೇವುಡ್ ಅನ್ನುವ ಆಟಗಾರ ಕೋರ್ಟಿಗೆ ಹೋದ. 1971ರಲ್ಲಿ ಸುಪ್ರೀಂ ಕೋರ್ಟ್ ಅವನ ಪರ ನಿಂತಿತು. ಆಮೇಲೆ ಬಾಗಿಲು ತೆರೆಯುತ್ತಾ ಹೋಯಿತು. ಕೆವಿನ್ ಗಾರ್ನೆಟ್ 1995ರಲ್ಲಿ, ಕೋಬಿ ಬ್ರಯಂಟ್ 1996ರಲ್ಲಿ ಹೈಸ್ಕೂಲಿನಿಂದ ನೇರವಾಗಿ ಹೋದರು. 2006ರ ಡ್ರಾಫ್ಟ್‌ನಿಂದ ಮತ್ತೆ ಸ್ವಲ್ಪ ಬಿಗಿ ಮಾಡಿದರು. 19 ವರ್ಷ ತುಂಬಬೇಕು, ಹೈಸ್ಕೂಲು ಮುಗಿದು ಒಂದು ವರ್ಷ ಆಗಿರಬೇಕು. ಒಂದೇ ವರ್ಷ ಕಾಲೇಜಿನಲ್ಲಿ ಆಡಿ ಹೋಗುವ 'ಒನ್ ಅಂಡ್ ಡನ್' ಹುಡುಗರು ಹುಟ್ಟಿಕೊಂಡಿದ್ದು ಹಾಗೆ.

ಕೂಪರ್ ಫ್ಲ್ಯಾಗ್ ಥರದವನಿಗೆ ನನ್ನಂಥವನು ಬೇಕಾಗಿಲ್ಲ. ಡ್ಯೂಕ್ ಯೂನಿವರ್ಸಿಟಿಯಲ್ಲಿ ಒಂದು ವರ್ಷ ಆಡಿದ, 2025ರಲ್ಲಿ ಮೊದಲ ನಂಬರಿಗೆ ಡಲ್ಲಾಸ್‌ಗೆ ಹೋದ. ಅಲ್ಲಿ ಯೋಚನೆ ಮಾಡುವುದಕ್ಕೆ ಏನೂ ಇಲ್ಲ. ನನ್ನ ಕೋಣೆಗೆ ಬರುವವರು ಡ್ರಾಫ್ಟ್‌ನ ಸರದಿಯಲ್ಲಿ ಇಪ್ಪತ್ತೈದರಿಂದ ಅರವತ್ತರ ನಡುವೆ ಎಲ್ಲೋ ಇರುವವರು, ಅಥವಾ ಎಲ್ಲೂ ಇಲ್ಲದವರು.

ಮೊದಲು ಕ್ಯಾಲೆಂಡರ್ ತೆಗೆಯುತ್ತೇನೆ. ಹೆಸರು ಕೊಡಲು ಏಪ್ರಿಲ್ ಕೊನೆಯವರೆಗೆ ಸಮಯ. ಮೇ ಮಧ್ಯದಲ್ಲಿ ಶಿಕಾಗೋದಲ್ಲಿ ಕಂಬೈನ್, ಅಂದರೆ ಕರೆ ಬಂದ ಹುಡುಗರನ್ನು ಎನ್‌ಬಿಎ ತಂಡಗಳವರ ಎದುರು ಅಳೆದು, ಆಡಿಸಿ ನೋಡುವ ಶಿಬಿರ. ಅದು ಮುಗಿದು ಹತ್ತು ದಿನದೊಳಗೆ ಹೆಸರು ವಾಪಸ್ ತೆಗೆದರೆ ಮಾತ್ರ ಕಾಲೇಜಿನಲ್ಲಿ ಮತ್ತೆ ಆಡಬಹುದು. ಇದು ಕಾಲೇಜು ಕ್ರೀಡೆ ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎ ಕೊಟ್ಟ ಗಡುವು. ಎನ್‌ಬಿಎಯದು ಬೇರೆ ಗಡುವು, ಡ್ರಾಫ್ಟ್‌ಗೆ ಹತ್ತು ದಿನ ಮೊದಲು. ಈ ಎರಡನ್ನು ಕಲಸಿಕೊಳ್ಳುವ ಮನೆಯವರು ಪ್ರತಿ ವರ್ಷ ಸಿಗುತ್ತಾರೆ. "ಜೂನ್‌ವರೆಗೂ ಟೈಮ್ ಇದೆಯಂತಲ್ಲ?" ಅಂತ ಕೇಳುತ್ತಾರೆ. ಎನ್‌ಬಿಎಗೆ ಇದೆ, ಕಾಲೇಜಿಗೆ ಇಲ್ಲ. ಆ ತಾರೀಕನ್ನು ಕೆಂಪು ಪೆನ್ನಿನಲ್ಲಿ ಬರೆದು ಹುಡುಗನ ಫೋನಿಗೂ ತಾಯಿಯ ಫೋನಿಗೂ ಕಳಿಸುತ್ತೇನೆ.

ಈ ವ್ಯವಸ್ಥೆ ಬಂದಿದ್ದು 2016ರಲ್ಲಿ. ಅದಕ್ಕೂ ಮುಂಚೆ ಏಪ್ರಿಲ್‌ನಲ್ಲೇ ತೀರ್ಮಾನ ಮಾಡಬೇಕಿತ್ತು, ಅಂದರೆ ಯಾವ ತಂಡದ ಎದುರೂ ಸರಿಯಾಗಿ ಆಡಿ ತೋರಿಸುವ ಮೊದಲೇ. 2018ರಿಂದ ಇನ್ನೊಂದು ಅನುಕೂಲ ಆಯಿತು. ಎನ್‌ಬಿಎಯ ಸಲಹಾ ಸಮಿತಿಗೆ ಅರ್ಜಿ ಹಾಕಿದ ಹುಡುಗ ಎನ್‌ಸಿಎಎ ಒಪ್ಪಿದ ಏಜೆಂಟನ್ನು ಇಟ್ಟುಕೊಳ್ಳಬಹುದು. ವಾಪಸ್ ಬಂದರೆ ಆ ಒಪ್ಪಂದ ಕೈಬಿಡಬೇಕು, ಅಷ್ಟೇ. ಮುಂಚೆ ಏಜೆಂಟ್ ಜೊತೆ ಸಹಿ ಹಾಕಿದರೆ ಕಾಲೇಜಿನ ಆಟ ಅಲ್ಲಿಗೆ ಮುಗಿಯಿತು.

ಸಲಹಾ ಸಮಿತಿಯ ಉತ್ತರ ತುಂಬಾ ಚುಟುಕು. ಲಾಟರಿ (ಎಲ್ಲಕ್ಕಿಂತ ಮೊದಲ ಕೆಲವು ನಂಬರುಗಳು), ಮೊದಲ ಸುತ್ತು, ಎರಡನೇ ಸುತ್ತು, ಇಲ್ಲವೇ ಇಲ್ಲ, ಇಷ್ಟರಲ್ಲಿ ಒಂದು. ತಂಡಗಳ ಆಯ್ಕೆದಾರರು ಹೇಳಿದ್ದನ್ನು ಒಟ್ಟು ಮಾಡಿ ಗುಟ್ಟಾಗಿ ಕೊಡುತ್ತಾರೆ. ಹುಡುಗರಿಗೆ ಇದು ರುಚಿಸುವುದಿಲ್ಲ. ಅವರು ನಂಬುವುದು ಇಂಟರ್ನೆಟ್‌ನ ಮಾಕ್ ಡ್ರಾಫ್ಟ್‌ಗಳನ್ನು, ಅಂದರೆ ಯಾರು ಎಷ್ಟನೇ ನಂಬರಿಗೆ ಹೋಗುತ್ತಾರೆ ಅನ್ನುವ ಊಹೆಯ ಪಟ್ಟಿಗಳನ್ನು. ಅಲ್ಲಿ ಹೆಸರಿನ ಪಕ್ಕ ಒಂದು ನಂಬರ್ ಇರುತ್ತದಲ್ಲ, ಅದಕ್ಕೆ. ನಾನು ಸಮಿತಿಯ ಒಂದು ಸಾಲನ್ನೇ ಜಾಸ್ತಿ ನಂಬುತ್ತೇನೆ. ಅದನ್ನು ಬರೆದವರೇ ಕೊನೆಗೆ ಆಯ್ಕೆ ಮಾಡುವವರು.

ತಂಡಗಳು ಕರೆದು ಆಡಿಸಿ ನೋಡುವ ವರ್ಕೌಟ್‌ಗಳಲ್ಲಿ ಇನ್ನೊಂದು ತೊಂದರೆ. ಮುಗಿದ ಮೇಲೆ ಎಲ್ಲರೂ ಬೆನ್ನು ತಟ್ಟುತ್ತಾರೆ. ಹೆಣ್ಣು ನೋಡಿ ಉಪ್ಪಿಟ್ಟು ತಿಂದು ಎದ್ದವರು "ಊರಿಗೆ ಹೋಗಿ ತಿಳಿಸ್ತೀವಿ" ಅಂದ ಹಾಗೆ ಅದು. ಹುಡುಗ ವಾಪಸ್ ಬಂದು "ಅವರಿಗೆ ನಾನು ತುಂಬಾ ಇಷ್ಟ ಆದೆ" ಅಂದಾಗ ನಾನು ಕೇಳುವುದು ಒಂದೇ. ಹೇಳಿದವರು ಯಾರು? ಜನರಲ್ ಮ್ಯಾನೇಜರಾ, ಚೆಂಡು ಎತ್ತಿಕೊಟ್ಟ ಸಹಾಯಕನಾ?

ಕಂಬೈನ್ ಮಾತ್ರ ಸುಳ್ಳು ಹೇಳುವುದಿಲ್ಲ. ಅಲ್ಲಿ ಶೂ ಬಿಚ್ಚಿಸಿ ಎತ್ತರ ಅಳೆಯುತ್ತಾರೆ. ಕಾಲೇಜಿನ ಪಟ್ಟಿಯಲ್ಲಿ ಆರು ಅಡಿ ಏಳು ಇಂಚು ಇದ್ದವನು ಅಲ್ಲಿ ಆರು ಅಡಿ ಐದು ಆಗುವುದುಂಟು. ತೋಳು ಚಾಚಿದ ಅಳತೆ, ಜಿಗಿತ, ಓಟ ಎಲ್ಲ ಬರೆದುಕೊಳ್ಳುತ್ತಾರೆ. ಅದೃಷ್ಟ ತಿರುಗುವುದೂ ಇದೇ ಹೊತ್ತಿನಲ್ಲಿ. ವಿಲನೋವಾ ಯೂನಿವರ್ಸಿಟಿಯ ಡಾಂಟೆ ಡಿವಿನ್ಚೆಂಜೊ 2018ರ ಮಾರ್ಚ್ ಮ್ಯಾಡ್ನೆಸ್ ಫೈನಲ್‌ನಲ್ಲಿ ಬೆಂಚಿನಿಂದ ಎದ್ದು ಬಂದು 31 ಪಾಯಿಂಟ್ ಹೊಡೆದ. ಏಜೆಂಟ್ ಇಲ್ಲದೆ ಸುಮ್ನೆ ನೋಡೋಣ ಅಂತ ಹೆಸರು ಕೊಟ್ಟ. ಶಿಕಾಗೋದಲ್ಲಿ ಚೆನ್ನಾಗಿ ಮಾಡಿದ. ಹೆಸರು ವಾಪಸ್ ತೆಗೆಯಲಿಲ್ಲ. 17ನೇ ನಂಬರಿಗೆ ಮಿಲ್ವಾಕೀಗೆ ಹೋದ.

ಆಮೇಲೆ ದುಡ್ಡಿನ ಮಾತು. ಇದನ್ನು ಹುಡುಗನ ಮನೆಯವರ ಎದುರಿಗೇ ಮಾಡುತ್ತೇನೆ, ಬಿಳಿ ಬೋರ್ಡಿನ ಮೇಲೆ. ಮೊದಲ ಸುತ್ತಿನ 30 ಜನರಿಗೆ ಮೊದಲ ಎರಡು ವರ್ಷದ ಸಂಬಳ ಖಾತರಿ. ಮಂಡಿ ಹೋದರೂ ಬರುತ್ತದೆ. ಮೂವತ್ತನೆಯವನಿಗೂ ಈಗ ಮೊದಲ ವರ್ಷವೇ 20 ಲಕ್ಷ ಡಾಲರ್ ಮೇಲೆ. ಮೂವತ್ತೊಂದರಿಂದ ಆಚೆ ಆ ಖಾತರಿ ನಿಯಮದಲ್ಲಿಲ್ಲ, ಮಾತಾಡಿ ಪಡೆಯಬೇಕು. ಅದಕ್ಕೂ ಕೆಳಗೆ ಟೂ-ವೇ ಒಪ್ಪಂದ. ಅರ್ಧ ಎನ್‌ಬಿಎ, ಅರ್ಧ ಅದರ ಕೆಳಹಂತದ ಜಿ ಲೀಗ್. 2025-26ರಲ್ಲಿ ಅದು ಸುಮಾರು 6 ಲಕ್ಷ 36 ಸಾವಿರ ಡಾಲರ್. ಅದೂ ಸಿಗದೆ ಬರೀ ಜಿ ಲೀಗ್ ಆದರೆ ಸೀಸನ್ನಿಗೆ 40 ಸಾವಿರದ ಆಸುಪಾಸು. ಒಬ್ಬ ಹುಡುಗನ ಅಜ್ಜಿ ಆ ಕೊನೆಯ ಅಂಕಿ ನೋಡಿ, ನಾನು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿ ಇದಕ್ಕಿಂತ ಜಾಸ್ತಿ ತರ್ತೀನಿ ಅಂದರು.

ಹಾಗಂತ ಮೂವತ್ತರ ಗೆರೆಯೇ ಎಲ್ಲ ಅಂತಲ್ಲ. ಜೇಲನ್ ಬ್ರನ್ಸನ್ ಇದೇ ವಿಲನೋವಾದವನು. ಮೂರೇ ವರ್ಷದಲ್ಲಿ ಡಿಗ್ರಿ ಮುಗಿಸಿ 2018ರಲ್ಲಿ ಹೋದ. 33ನೇ ನಂಬರು. ಎರಡನೇ ಸುತ್ತಿನ ಒಪ್ಪಂದ ಅಲ್ವಾ, ಮೊದಲ ಸುತ್ತಿನವರಿಗೆ ಇರುವ ಕಟ್ಟುಪಾಡು ಅವನಿಗಿರಲಿಲ್ಲ. ನಾಲ್ಕು ವರ್ಷ ಆದ ಮೇಲೆ 2022ರಲ್ಲಿ ಬೇಕಾದ ಕಡೆ ಹೋಗುವ ಸ್ವಾತಂತ್ರ್ಯ ಸಿಕ್ಕಿತು. ನ್ಯೂಯಾರ್ಕ್ 10 ಕೋಟಿ ಡಾಲರ್ ದಾಟಿಸಿ ಕರೆದುಕೊಂಡಿತು. ಈ ಕಥೆಯನ್ನು ಹೇಳುವಾಗ ಸ್ವಲ್ಪ ಹುಷಾರಾಗಿರುತ್ತೇನೆ. ಎಲ್ಲ ಹುಡುಗರೂ ತಾನೇ ಬ್ರನ್ಸನ್ ಅಂದುಕೊಳ್ಳುತ್ತಾರೆ.

ನನ್ನ ಕ್ರಮದಲ್ಲಿ ಮುಖ್ಯವಾದದ್ದು ಒಂದು ಹಾಳೆ. ಏಪ್ರಿಲ್‌ನಲ್ಲಿ, ಯಾವ ಸುದ್ದಿಯೂ ಬರುವ ಮೊದಲು, ಹುಡುಗನ ಕೈಯಲ್ಲೇ ಬರೆಸುತ್ತೇನೆ. ಯಾವ ಸುದ್ದಿ ಬಂದರೆ ಹೋಗ್ತೀಯ? ಯಾವುದು ಬಂದರೆ ವಾಪಸ್ ಬರ್ತೀಯ? "ಒಳ್ಳೆ ರೆಸ್ಪಾನ್ಸ್ ಬಂದರೆ" ಅಂತ ಬರೆದರೆ ಹೊಡೆದು ಹಾಕಿ ಮತ್ತೆ ಬರೆಸುತ್ತೇನೆ. ಕಂಬೈನ್‌ಗೆ ಕರೆ ಬಂತಾ ಇಲ್ಲವಾ, ಸಮಿತಿ ಏನು ಹೇಳಿತು, ಟೂ-ವೇ ಸಿಕ್ಕರೆ ಸಾಕಾ, ಹೀಗೆ ಕಣ್ಣಿಗೆ ಕಾಣುವಂಥದ್ದೇ ಇರಬೇಕು. ಯಾಕೆ ಅಂದರೆ ಮೇ ಬಂದಾಗ ಹುಡುಗನ ಫೋನು ಒಂದು ನಿಮಿಷ ಸುಮ್ಮನಿರುವುದಿಲ್ಲ. ಟ್ರೇನರ್, ಚಿಕ್ಕಪ್ಪ, ಹೈಸ್ಕೂಲಿನ ಕೋಚ್, ಯಾರದೋ ಏಜೆನ್ಸಿಯ ಹುಡುಗ, ಎಲ್ಲರಿಗೂ ಒಂದೊಂದು ಗುಟ್ಟು ಗೊತ್ತಿರುತ್ತದೆ. ಆ ಗದ್ದಲದಲ್ಲಿ ಏಪ್ರಿಲ್‌ನಲ್ಲಿ ತಾನೇ ಏನು ಅಂದುಕೊಂಡಿದ್ದೆ ಅನ್ನುವುದೇ ಮರೆತುಹೋಗುತ್ತದೆ.

ಗಾರ್ಡ್ ಜಾಗದಲ್ಲಿ ಆಡುವ ಒಬ್ಬ ಹುಡುಗ ಬರೆದಿದ್ದ: ಕಂಬೈನ್‌ಗೆ ಕರೆಯದಿದ್ದರೆ ವಾಪಸ್. ಕರೆ ಬರಲಿಲ್ಲ. ಆದರೂ ಹೊರಡುವ ತಯಾರಿಯಲ್ಲಿದ್ದ. ಎರಡನೇ ಸುತ್ತಿನಲ್ಲಿ ಒಂದು ತಂಡ ಖಂಡಿತ ತೆಗೆದುಕೊಳ್ಳುತ್ತದೆ ಅಂತ ಯಾರೋ ಹೇಳಿದ್ದರು. ಹಾಳೆ ತೆಗೆದು ಮುಂದಿಟ್ಟೆ. "ಇದನ್ನು ಬರೆಯುವಾಗ ನಂಗೆ ಇಷ್ಟೆಲ್ಲ ಗೊತ್ತಿರಲಿಲ್ಲ" ಅಂತ ವಾದ ಮಾಡಿದ. ಈಗ ಹೊಸದಾಗಿ ಗೊತ್ತಾಗಿದ್ದೇನು, ಅದನ್ನೂ ಕೆಳಗೆ ಬರಿ ಅಂದೆ. ಪೆನ್ನು ಹಿಡಿದು ತುಂಬಾ ಹೊತ್ತು ಕೂತ. ಬರೆಯುವಂಥದ್ದು ಏನೂ ಇರಲಿಲ್ಲ. ಗಡುವಿನ ದಿನ ಹೆಸರು ವಾಪಸ್ ತೆಗೆದ.

ಸೆಂಟರ್ ಜಾಗದಲ್ಲಿ ಆಡುವ ಇನ್ನೊಬ್ಬ ಬರೆದದ್ದು ಪೂರ್ತಿ ಉಲ್ಟಾ. ಮನೆಯಲ್ಲಿ ಪುಟ್ಟ ಮಗು ಇದೆ, ಓದು ತಲೆಗೆ ಹತ್ತುವುದಿಲ್ಲ, ಡ್ರಾಫ್ಟ್ ಆಗದಿದ್ದರೂ ಎಲ್ಲಾದರೂ ಸಂಬಳಕ್ಕೆ ಆಡುತ್ತೇನೆ. ಸಮಿತಿ 'ಇಲ್ಲ' ಅಂದಿತು. ಕೋಚ್ ಇರು ಅಂದರು. ಹಾಳೆಯ ಪ್ರಕಾರ ಅವನು ಹೋಗಬೇಕಿತ್ತು, ಹೋದ. ಡ್ರಾಫ್ಟ್ ಆಗಲಿಲ್ಲ. ಸ್ವಲ್ಪ ದಿನ ಜಿ ಲೀಗ್, ಆಮೇಲೆ ಯುರೋಪು. ಅಲ್ಲೇ ಚೆನ್ನಾಗಿದ್ದಾನೆ. ಟಿವಿಯಲ್ಲಿ ಇಂಥವನನ್ನು ದುಡುಕಿದವರ ಪಟ್ಟಿಗೆ ಸೇರಿಸುತ್ತಾರೆ. ಅವನು ದುಡುಕಿರಲಿಲ್ಲ, ನನ್ನ ಹತ್ತಿರ ಸಾಕ್ಷಿ ಇದೆ.

ಕೋಚ್‌ಗಳ ಕಷ್ಟವನ್ನೂ ಹೇಳಬೇಕು. ಬೇರೆ ಕಾಲೇಜಿನ ಹುಡುಗರು ತಂಡ ಬದಲಿಸುವ ಟ್ರಾನ್ಸ್‌ಫರ್ ಪೋರ್ಟಲ್ ತೆರೆಯುವುದೂ ಇದೇ ಹೊತ್ತಿಗೆ. ಇವನು ಮೇ ಕೊನೆಯವರೆಗೆ ಯೋಚನೆ ಮಾಡುತ್ತಾ ಕೂತರೆ ಅವರು ಇವನ ಜಾಗಕ್ಕೆ ಇನ್ನೊಬ್ಬನನ್ನು ಹುಡುಕಬೇಕೋ ಬೇಡವೋ? ಅದಕ್ಕೇ "ಬೇಗ ಹೇಳು" ಅನ್ನುವ ಒತ್ತಡ ಬರುತ್ತದೆ. ಹಾಳೆಯ ಒಂದು ಪ್ರತಿಯನ್ನು ಕೋಚ್‌ಗೆ ತೋರಿಸು ಅಂತ ಹುಡುಗನಿಗೆ ಹೇಳುತ್ತೇನೆ. ತೋರಿಸಿದವರಿಗೆ ಒತ್ತಡ ಕಮ್ಮಿಯಾಗಿದ್ದು ನೋಡಿದ್ದೇನೆ.

ಈಚೆಗೆ ನನ್ನ ಬೋರ್ಡಿನ ಲೆಕ್ಕವೇ ತಲೆಕೆಳಗಾಗಿದೆ. 2021ರ ಜುಲೈನಿಂದ ಆಟಗಾರರು ಜಾಹೀರಾತಿನಂಥದ್ದರಲ್ಲಿ ತಮ್ಮ ಹೆಸರು, ಮುಖದ ಮೇಲೆ ದುಡಿಯಬಹುದು. ಇದನ್ನೇ ಎನ್‌ಐಎಲ್ ಅನ್ನುವುದು. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ರಾಜಿಯ ಮೇಲೆ ಕಾಲೇಜುಗಳೇ ನೇರವಾಗಿ ಹಣ ಕೊಡುವ ಹಾಗಾಯಿತು. ಮೊದಲ ವರ್ಷ ಒಂದು ಕಾಲೇಜಿಗೆ, ಎಲ್ಲ ಆಟ ಸೇರಿ, 2 ಕೋಟಿ 5 ಲಕ್ಷ ಡಾಲರ್ ಮಿತಿ. ದೊಡ್ಡ ತಂಡದ ಒಳ್ಳೆಯ ಆಟಗಾರನಿಗೆ 10 ಲಕ್ಷ ಡಾಲರ್ ದಾಟುವುದು ಈಗ ಸುದ್ದಿಯೇ ಅಲ್ಲ. ಟೂ-ವೇಗೆ ಯಾಕೆ ಹೋಗಬೇಕು ಹೇಳಿ? 2021ರಲ್ಲಿ ಬೇಗ ಹೆಸರು ಕೊಟ್ಟವರು 353. 2025ರಲ್ಲಿ 106. ಮುಂಚೆ ಬಡತನದ ಮನೆಯ ಹುಡುಗನಿಗೆ ಇರು ಅನ್ನುವುದಕ್ಕೆ ನಾಲಿಗೆ ಬರುತ್ತಿರಲಿಲ್ಲ. ಈಗ ಇರುವುದೇ ಲಾಭದ ದಾರಿ ಅಂತ ಅಂಕಿಗಳೇ ಹೇಳುತ್ತವೆ. ನನಗಂತೂ ಇದು ಖುಷಿ. ಕಾಲೇಜಿನ ಆಟ ಹಾಳಾಯಿತು ಅಂತ ಗೊಣಗುವವರ ಜೊತೆ ನಾನಿಲ್ಲ.

ಈ ಲಾಭ ಎಲ್ಲರಿಗೂ ಸಮನಾಗಿ ಸಿಗುವುದಿಲ್ಲ. ಕೆನಡಾದಿಂದ, ಆಫ್ರಿಕಾದಿಂದ ಬಂದ ಹುಡುಗರು ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿರುತ್ತಾರೆ. ನಾನೂ ಅದರಲ್ಲೇ ಬಂದವನು, ಅದರ ಕಟ್ಟುಪಾಡು ಗೊತ್ತು. ಇಲ್ಲಿ ದುಡಿಯುವುದಕ್ಕೆ ಹತ್ತು ಅಡ್ಡಿ. ಟೊರೊಂಟೊದ ಜಾಕ್ ಈಡಿಗೆ ಇದ್ದ ತೊಡಕೂ ಅದೇ. ಆದರೂ 2023ರಲ್ಲಿ ಗಡುವಿನ ದಿನ ಹೆಸರು ವಾಪಸ್ ತೆಗೆದು ತನ್ನ ಕಾಲೇಜು ಪರ್ಡ್ಯೂಗೇ ಬಂದ. ಮುಂದಿನ ವರ್ಷ 9ನೇ ನಂಬರಿಗೆ ಮೆಂಫಿಸ್‌ಗೆ ಹೋದ. ಇಂಥ ಹುಡುಗರು ಬಂದರೆ ಬೋರ್ಡಿಗೆ ಹೋಗುವ ಮೊದಲೇ ವೀಸಾ ವಕೀಲರ ಹತ್ತಿರ ಕಳಿಸುತ್ತೇನೆ.

ಭಾರತದವರು ಯಾರಾದರೂ ಇದ್ದಾರಾ ಅಂತ ಊರಿನ ಗೆಳೆಯರು ಕೇಳುತ್ತಾರೆ. ಪಂಜಾಬಿ ಮೂಲದ, ಟೊರೊಂಟೊದಲ್ಲಿ ಹುಟ್ಟಿದ ಸಿಮ್ ಭುಲ್ಲರ್, ಏಳು ಅಡಿ ಐದು ಇಂಚು, ನ್ಯೂ ಮೆಕ್ಸಿಕೊ ಸ್ಟೇಟ್‌ನಲ್ಲಿ ಎರಡು ಸೀಸನ್ ಆಡಿ 2014ರಲ್ಲಿ ಬೇಗ ಹೋದ. ಡ್ರಾಫ್ಟ್ ಆಗಲಿಲ್ಲ. ಆದರೆ 2015ರ ಏಪ್ರಿಲ್‌ನಲ್ಲಿ ಸ್ಯಾಕ್ರಮೆಂಟೊ ಪರ ಅಂಗಳಕ್ಕಿಳಿದು, ಎನ್‌ಬಿಎಯಲ್ಲಿ ಆಡಿದ ಮೊದಲ ಭಾರತೀಯ ಮೂಲದವನಾದ. ಅದೇ ವರ್ಷ ಪಂಜಾಬಿನ ಸತ್ನಾಮ್ ಸಿಂಗ್ ಕಾಲೇಜಿಗೇ ಹೋಗದೆ 52ನೇ ನಂಬರಿಗೆ ಡ್ರಾಫ್ಟ್ ಆದ, ಎನ್‌ಬಿಎಯ ಒಂದು ಲೀಗ್ ಮ್ಯಾಚೂ ಆಡಲಿಲ್ಲ. ಡ್ರಾಫ್ಟ್ ಆಗುವುದು ಬೇರೆ, ಆಡುವುದು ಬೇರೆ ಅಂತ ಹುಡುಗರಿಗೆ ಹೇಳಬೇಕಾದಾಗ ಈ ಇಬ್ಬರನ್ನೇ ನೆನೆಯುತ್ತೇನೆ.

ಇನ್ನು ಉಳಿದಿದ್ದು ನನ್ನ ಅಸಲಿ ಕೆಲಸ. ಹೋಗುವವನಿಗೆ ನಾನು ಹಾಕುವ ಷರತ್ತು, ಆ ಸೆಮಿಸ್ಟರ್ ಮುಗಿಸಿ ಹೋಗು. ಏಪ್ರಿಲ್‌ನಲ್ಲೇ ಲಾಸ್ ಏಂಜಲಿಸ್‌ಗೋ ಮಯಾಮಿಗೋ ತರಬೇತಿಗೆ ಹಾರುತ್ತಾರೆ. ಕೊನೆಯ ಪರೀಕ್ಷೆಗಳು ಮೇನಲ್ಲಿ. ಅಲ್ಲಿಯೇ ಮೇಲ್ವಿಚಾರಕರನ್ನು ಹುಡುಕಿ ಬರೆಸುತ್ತೇನೆ. ಇದರಲ್ಲಿ ಕಾಲೇಜಿನ ಸ್ವಾರ್ಥವೂ ಇದೆ, ಮುಚ್ಚಿಡುವುದಿಲ್ಲ. ಫೇಲಾಗಿ ಹೋದರೆ ಎನ್‌ಸಿಎಎ ಲೆಕ್ಕದಲ್ಲಿ ನಮ್ಮ ಅಂಕ ಕಡಿಮೆಯಾಗುತ್ತದೆ. ಆದರೆ ಅವನಿಗೂ ಲಾಭ ಉಂಟು. 2018ರ ಸುಧಾರಣೆಯ ಪ್ರಕಾರ, ಸ್ಕಾಲರ್‌ಶಿಪ್‌ನಲ್ಲಿ ಕನಿಷ್ಠ ಎರಡು ವರ್ಷ ಓದಿ ಹೋದವನು ಹತ್ತು ವರ್ಷದೊಳಗೆ ಅದೇ ಕಾಲೇಜಿಗೆ ಬಂದರೆ ಫೀಸು, ಪುಸ್ತಕದ ಖರ್ಚು ಕಾಲೇಜಿನದೇ. ಪಾಸಾಗಿ ಹೋದವನು ಬಿಟ್ಟಲ್ಲಿಂದಲೇ ಶುರುಮಾಡಬಹುದು.

ಅದಕ್ಕೇ ಬೇಗ ಹೋಗಬಹುದು ಅನ್ನಿಸಿದ ಹುಡುಗರಿಗೆ ಮೊದಲ ವರ್ಷವೇ ಕೋರ್ಸ್‌ಗಳನ್ನು ಹಿಂದುಮುಂದು ಮಾಡಿ ಜೋಡಿಸುತ್ತೇನೆ. ಲ್ಯಾಬ್ ಇರುವ ವಿಜ್ಞಾನ, ಭಾಷಣ ಮಾಡಬೇಕಾದ ಕ್ಲಾಸು, ಗುಂಪಿನಲ್ಲಿ ಪ್ರಾಜೆಕ್ಟ್ ಇರುವಂಥದ್ದು, ಇವೆಲ್ಲ ಮೊದಲು. ಆನ್‌ಲೈನ್‌ನಲ್ಲಿ ಸಿಗುವ ಇತಿಹಾಸ, ಸಮಾಜಶಾಸ್ತ್ರ ಕೊನೆಗೆ. ಅವನ್ನು ಇಸ್ತಾಂಬುಲ್‌ನ ಹೋಟೆಲಿನಲ್ಲಿ ಕೂತೂ ಬರೆಯಬಹುದು, ಈಗ ಬರೆಯುತ್ತಿರುವವರೂ ಇದ್ದಾರೆ. ಸಮಯದ ವ್ಯತ್ಯಾಸದಿಂದ ಅವರ ಇಮೇಲ್ ಮಾತ್ರ ನನಗೆ ಬೆಳಗಿನ ಜಾವ ಮೂರಕ್ಕೆ ಬರುತ್ತದೆ.