ಹಳೆಯ ಕ್ಲಾಸಿಕ್‌ಗೆ ಬಿಎಸ್–6 ಸೈಲೆನ್ಸರ್: ನನ್ನ ಅನುಭವ

ನನ್ನ 2013ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕಿಗೆ ಬಿಎಸ್–6 (ಹೊಸ ಹೊಗೆ ನಿಯಮದ) ಗಾಡಿಯ ಬೆಂಡ್ ಪೈಪ್ (ಎಂಜಿನ್‌ನಿಂದ ಸೈಲೆನ್ಸರ್‌ಗೆ ಹೊಗೆ ಒಯ್ಯುವ ಕೊಳವೆ), ಸೈಲೆನ್ಸರ್ ಎರಡನ್ನೂ ಹಾಕುತ್ತೇನೆ ಎಂದಾಗ ದಾವಣಗೆರೆಯ ಮೆಕ್ಯಾನಿಕ್ ಗೆಳೆಯರೆಲ್ಲ ನಕ್ಕರು. ‘ಕೂರುವುದಿಲ್ಲ, ಕೂತರೂ ಎಳೆಯುವುದಿಲ್ಲ’ ಎಂಬುದು ಅವರ ತೀರ್ಪು. ಮಳೆಗಾಲ ಕಳೆದು ಬೇಸಿಗೆಯೂ ಬಂತು, ಗಾಡಿ ಓಡುತ್ತಲೇ ಇದೆ. ನಕ್ಕವರಲ್ಲಿ ಒಬ್ಬರು ಮೊನ್ನೆ ಅಳತೆ ಕೇಳಿಕೊಂಡು ಹೋದರು.

2020ರಲ್ಲಿ ಕಾರ್ಬ್ಯುರೇಟರ್ ಹೋಗಿ ಇಂಜೆಕ್ಷನ್ ಬಂದರೂ ಮೊದಲ ಬಿಎಸ್–6 ಕ್ಲಾಸಿಕ್‌ನಲ್ಲಿದ್ದದ್ದು ನನ್ನ ಗಾಡಿಯಲ್ಲಿರುವ ಅದೇ 346 ಸಿಸಿ ಯುಸಿಇ (ಗೇರ್‌ಬಾಕ್ಸ್ ಜೊತೆಗೇ ಒಂದೇ ಕವಚದಲ್ಲಿರುವ) ಎಂಜಿನ್. ನನ್ನ ಧೈರ್ಯಕ್ಕೆ ಅಷ್ಟೇ ಆಧಾರ. ಅಪಘಾತವಾದ ಗಾಡಿಯ ಸೆಟ್‌ಗೆ ಗುಜರಿಯವರು 7,000 ರೂಪಾಯಿ ಹೇಳಿ, ಕೊನೆಗೆ ನಾಲ್ಕು ಸಾವಿರದ ಆಸುಪಾಸಿಗೆ ಇಳಿದರು. ಆ ಸೆಟ್‌ನಲ್ಲಿ ಹೊಗೆಯ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ನೊಳಗೆ ದುಬಾರಿ ಲೋಹಗಳಾದ ಪ್ಲಾಟಿನಂ, ಪಲ್ಲಾಡಿಯಂ ಇರುತ್ತದೆಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಮೊದಲ ಹೊಡೆತ ಎಂಜಿನ್ ಹೆಡ್‌ನಲ್ಲೇ ಬಿತ್ತು. ಪೈಪನ್ನು ಹಿಡಿಯುವ, ತುಕ್ಕು ಹಿಡಿದಿದ್ದ ಸ್ಟಡ್ (ತಲೆಯಿಲ್ಲದ ಬೋಲ್ಟ್) ನಟ್ಟಿನ ಜೊತೆಗೇ ತಿರುಚಿಕೊಂಡು ಮುರಿಯಿತು. ಅಲ್ಯೂಮಿನಿಯಂ ಹೆಡ್ ಆದ್ದರಿಂದ ಕೊರೆದು ತೆಗೆದು, ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡುವ ತಂತಿಯ ಸುರುಳಿ) ಕೂರಿಸುವಷ್ಟರಲ್ಲಿ ಸುಮಾರು 1,200 ರೂಪಾಯಿ ಕೈಬಿಟ್ಟಿತು.

ಆಮೇಲಿನ ತಲೆನೋವು ಬೆಂಡ್ ಪೈಪ್‌ನಲ್ಲಿ ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಸಾಧನ) ಕೂರುವ ತೂತು. ಕಾರ್ಬ್ಯುರೇಟರ್ ಗಾಡಿಗೆ ಸೆನ್ಸರ್ ಬೇಡ, ತೂತು ಮುಚ್ಚಬೇಕು. ಅದರ ಥ್ರೆಡ್ ನುಣ್ಣನೆಯದು, ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ಬೋಲ್ಟ್ ಹಿಡಿಯುವುದಿಲ್ಲ. ಯಾರದೋ ಮಾತು ಕೇಳಿ ಎಂ–ಸೀಲ್ ಮೆತ್ತಿದ್ದಾಯಿತು. ಭರಮಸಾಗರ ತಲುಪುವುದರೊಳಗೆ ಸುಟ್ಟು ಪುಡಿಯಾಗಿ ಉದುರಿತ್ತು. ಕೊನೆಗೆ ಹರಿಹರದಲ್ಲಿ ತಯಾರಾದ ಹಳೆಯ ಕಿರ್ಲೋಸ್ಕರ್ ಲೇತ್ ಇರುವ ಪರಿಚಯದವರ ಬಳಿ ಸ್ಟೇನ್‌ಲೆಸ್ ಪ್ಲಗ್ ತಿರುಗಿಸಿಸಿ, ತಾಮ್ರದ ವಾಷರ್ ಹಾಕಿ ಬಿಗಿದೆ. ಆ ಪ್ಲಗ್‌ನ ಒಳತುದಿಯನ್ನು ಎಷ್ಟು ಉದ್ದ ಬಿಟ್ಟೆ, ಯಾಕೆ ಬಿಟ್ಟೆ ಎಂಬುದು ನನ್ನಲ್ಲೇ ಇರಲಿ.

ಹಾಕಿದ ಮೇಲೆ ಥ್ರಾಟಲ್ ಬಿಟ್ಟಾಗಲೆಲ್ಲ ಪಟಪಟ ಸದ್ದು. ಎಲ್ಲರೂ ಜೆಟ್ (ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಹರಿವನ್ನು ನಿರ್ಧರಿಸುವ ಸಣ್ಣ ತೂತಿನ ಭಾಗ) ಬದಲಿಸು ಎಂದರು. ನಾನು ಟಾರ್ಚ್ ಹಿಡಿದು ಪೈಪ್ ಹೆಡ್‌ಗೆ ಕೂರುವ ಫ್ಲೇಂಜ್ ನೋಡಿದೆ: ಸ್ಟಡ್‌ನ ಕೆಳಗೆ ಕೂದಲೆಳೆಯಷ್ಟು ಕಪ್ಪು ಮಸಿಯ ಗೆರೆ, ಸೋರಿಕೆಯ ಗುರುತು. ಹೊಸ ಗ್ಯಾಸ್ಕೆಟ್ ಹಾಕಿ, ಎರಡೂ ನಟ್‌ಗಳನ್ನು ಒಂದರ ನಂತರ ಒಂದರಂತೆ ಸ್ವಲ್ಪಸ್ವಲ್ಪವೇ ಬಿಗಿದ ಮೇಲೆ ಸದ್ದು ನಿಂತಿತು. ಜೆಟ್ ಮುಟ್ಟಲೇ ಇಲ್ಲ. ಆದರೆ ಒಂದು ಮಾತು: ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿ ಸ್ಪಾರ್ಕ್ ಪ್ಲಗ್ ಕಪ್ಪಗೆ ಬರುತ್ತಿರುವ ಗಾಡಿಗೆ ಇದನ್ನು ಹಾಕಬೇಡಿ. ಉರಿಯದೆ ಉಳಿದ ಪೆಟ್ರೋಲ್ ಕನ್ವರ್ಟರ್‌ನೊಳಗೆ ಉರಿದು ಅದನ್ನೇ ತಿನ್ನುತ್ತದೆ. ಕಾರ್ಬ್ಯುರೇಟರ್ ಮೊದಲು, ಸೈಲೆನ್ಸರ್ ಆಮೇಲೆ. ಹಿಂದಿನ ಬ್ರಾಕೆಟ್‌ಗೆ ಒಂದು ಕಬ್ಬಿಣದ ಪಟ್ಟಿ ಸೇರಿಸಬೇಕಾಯಿತು, ಅದು ದೊಡ್ಡ ವಿಷಯವಲ್ಲ.

ಕುತೂಹಲಕ್ಕೆ ತಿರುಗುಮುರುಗು ಮಾಡಿಯೂ ನೋಡಿದೆ. ನನ್ನ ಹಳೆಯ ಪೈಪನ್ನು ಸ್ನೇಹಿತನ ಬಿಎಸ್–6ಗೆ ಹಾಕಿ, ಸೆನ್ಸರನ್ನು ಹೊರಗೆ ತೂಗುಬಿಟ್ಟೆವು. ಬಯಲಿನ ಗಾಳಿಯನ್ನು ಅಳೆದ ಸೆನ್ಸರ್ ಪೆಟ್ರೋಲ್ ಸಾಲದು ಎಂದು ಹೇಳುತ್ತದೆ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸುರಿಯುತ್ತಲೇ ಹೋಗುತ್ತದೆ. ಎಂಜಿನ್ ಎಚ್ಚರಿಕೆಯ ದೀಪ ಹೊತ್ತಿತು, ಮೈಲೇಜ್ 35ರ ಹತ್ತಿರದಿಂದ 27–28ಕ್ಕೆ ಬಿತ್ತು. ಕನ್ವರ್ಟರ್ ತೆಗೆದ ಗಾಡಿಯನ್ನು ಹೊಗೆ ತಪಾಸಣೆಗೆ ಒಯ್ಯುವ ಧೈರ್ಯ ಅವನಿಗೂ ಇರಲಿಲ್ಲ; ಅದೇ ವಾರ ಬಿಚ್ಚಿಸಿಕೊಂಡ.

ಎಲ್ಲ ಸೇರಿ ನನಗೆ ಆರೂವರೆ ಸಾವಿರದೊಳಗೆ ಮುಗಿಯಿತು. 2021ರ ಸೆಪ್ಟೆಂಬರ್ ನಂತರದ ಕ್ಲಾಸಿಕ್‌ನ ಸೆಟ್ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಅದು 349 ಸಿಸಿಯ ಜೆ ಎಂಜಿನ್, ಫ್ರೇಮೂ ಬೇರೆ. ಈ ಲೆಕ್ಕ ಅಲ್ಲಿ ನಡೆಯುವುದಿಲ್ಲ.