ಮಕ್ಕಳು ಹೊರಗೆ ತಿನ್ನಲಿ, ನೋಡಿ ತಿನ್ನಲಿ

ಸಂಜೆ ಟ್ಯೂಷನ್ ಬಿಟ್ಟ ಮೇಲೆ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಒಂದು ಸುತ್ತು ಹಾಕಿ ನೋಡಿ. ಬಂಡಿಗಳ ಮುಂದೆ ನಿಂತವರಲ್ಲಿ ಅರ್ಧ ಜನ ಸ್ಕೂಲ್ ಬ್ಯಾಗ್ ಹಾಕಿಕೊಂಡವರೇ. ಹದಿನೈದರ ಹುಡುಗನಿಗೆ ‘ಹೊರಗಿಂದು ತಿನ್ನಬ್ಯಾಡ’ ಅಂದರೆ, ತಿಂದು ಬಂದು ಸುಮ್ನೆ ಇದ್ದುಬಿಡುತ್ತಾನೆ ಅಷ್ಟೇ. ಹೇಗೆ ಆರಿಸಬೇಕು ಅಂತ ಕಲಿಸುವುದು ಮೇಲು.

ಮೊದಲು ಹಸಿವಿನ ವ್ಯವಸ್ಥೆ ಮಾಡಿ. ಮಧ್ಯಾಹ್ನ ಡಬ್ಬಿ ಉಂಡವರಿಗೆ ಸಂಜೆ ಹೊತ್ತಿಗೆ ಹೊಟ್ಟೆ ಕೂಗುತ್ತಿರುತ್ತದೆ. ಆಗ ಆರಿಸುವ ತಾಳ್ಮೆ ದೊಡ್ಡವರಿಗೂ ಇರುವುದಿಲ್ಲ. ಬ್ಯಾಗಿನಲ್ಲಿ ಒಂದು ಮುಷ್ಟಿ ಹುರಿದ ಶೇಂಗಾ ಇಲ್ಲವೇ ಪುಟಾಣಿ (ಹುರಿಗಡಲೆ), ಒಂದು ಬಾಟಲಿ ನೀರು ಇರಲಿ. ನಮ್ಮ ಬಿಸಿಲಿನಲ್ಲಿ ನೀರಿಲ್ಲದಿದ್ದರೆ ಕೈ ಸೀದಾ ಕೋಲಾಕ್ಕೆ ಹೋಗುತ್ತದೆ. 300 ಮಿ.ಲೀ. ಕೋಲಾದಲ್ಲಿ 30 ಗ್ರಾಂಗಿಂತ ಜಾಸ್ತಿ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಇಡೀ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು. ಮಜ್ಜಿಗೆ ಸಿಗುವ ಊರಲ್ಲಿ ಇದೆಲ್ಲ ಯಾಕೆ ಬೇಕು?

ಎರಡನೆಯದು, ಒಂದು ಸಂಜೆ ನೀವೂ ಜೊತೆಗೆ ಹೋಗಿ ಕಡಾಯಿ ನೋಡುವುದನ್ನು ಕಲಿಸಿ. ಎಣ್ಣೆ ಕಪ್ಪಾಗಿದೆಯೇ? ಮಿರ್ಚಿ ಭಜಿ ಬಿಟ್ಟಾಗ ಏಳುವ ನೊರೆ ಇಳಿಯದೆ ಹಾಗೇ ನಿಲ್ಲುತ್ತದೆಯೇ? ಹಿಟ್ಟು ಬೀಳುವ ಮೊದಲೇ ಹೊಗೆ, ಕಮಟು ವಾಸನೆ ಬರುತ್ತಿದೆಯೇ? ಹಾಗಿದ್ದರೆ ಆ ಎಣ್ಣೆ ಬಹಳ ಸಲ ಕಾದಿದೆ, ಮುಂದಿನ ಬಂಡಿಗೆ ನಡೆಯಿರಿ. ಗೋಬಿ ಮಂಚೂರಿ ಕಣ್ಣಿಗೆ ಹೊಡೆಯುವಷ್ಟು ಕೆಂಪಗಿದ್ದರೂ ಅಷ್ಟೇ. ಪರೀಕ್ಷೆಯಲ್ಲಿ ಸುರಕ್ಷಿತವಲ್ಲದ ಬಣ್ಣಗಳು ಪತ್ತೆಯಾಗಿ, 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನೇ ನಿಷೇಧಿಸಿತು.

ಮೂರನೆಯದು, ಏನು ತರಿಸಿಕೊಳ್ಳಬೇಕು ಅನ್ನುವುದು. ಒಂದು ಪ್ಲೇಟ್ ಮಿರ್ಚಿಯ ಬದಲು ಒಂದು ಪ್ಲೇಟ್ ಸುಸ್ಲಾ (ನೆನೆಸಿದ ಮಂಡಕ್ಕಿಯ ಒಗ್ಗರಣೆ), ಬಾಯಿರುಚಿಗೆ ಪಕ್ಕದಲ್ಲಿ ಒಂದೇ ಮಿರ್ಚಿ. ಸುಸ್ಲಾಕ್ಕೆ ‘ಪುಟಾಣಿ ಹಿಟ್ಟು ಜಾಸ್ತಿ ಹಾಕ್ರಿ, ಲಿಂಬೆ ಹಿಂಡ್ರಿ’ ಅಂತ ಕೇಳಲು ಸಂಕೋಚ ಬೇಡ. ಲಿಂಬೆಹುಳಿಯಿಂದ ಕಾಳು, ಸೊಪ್ಪಿನ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಹುಡುಗಿಯರಿಗೆ ಇದು ಮುಖ್ಯ. ತಿಂದ ಕೂಡಲೇ ಚಹಾ ಕುಡಿದರೆ ಆ ಲಾಭ ಕಡಿಮೆಯಾಗುತ್ತದೆ, ಒಂದು ತಾಸು ಬಿಡಲಿ.

ಮನೆಮಂದಿಯೆಲ್ಲ ಹೋಗುವುದಾದರೆ ನನ್ನ ಓಟು ಖಾನಾವಳಿಗೆ. ಜೋಳದ ರೊಟ್ಟಿ, ಪುಂಡಿ ಪಲ್ಯ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಬೇಳೆಯಂತೂ ಭೌಗೋಳಿಕ ಸೂಚಕ, ಅಂದರೆ ಈ ಸೀಮೆಯದೇ ಬೆಳೆ ಎಂಬ ಅಧಿಕೃತ ಗುರುತು, ಪಡೆದ ನಮ್ಮದೇ ತೊಗರಿಯದು. ಬೆಳೆಯುವ ಮೈಗೆ ಬೇಕಾದದ್ದು ಒಂದೇ ತಾಟಿನಲ್ಲಿ! ಎಣ್ಣೆಗಾಯಿಯ ಮೇಲೆ ತೇಲುವ ಎಣ್ಣೆಯನ್ನು ಮಾತ್ರ ಬದಿಗೆ ಸರಿಸಿದರಾಯಿತು.

ಪಿಜ್ಜಾ, ಬರ್ಗರ್ ಅಂತ ಹಟ ಹಿಡಿದರೆ? ಹೋಗಲಿ. ಹತ್ತು ಅಥವಾ ಹೆಚ್ಚು ಕಡೆ ಮಳಿಗೆ ಇರುವ ಕಂಪನಿಗಳು ಮೆನುವಿನಲ್ಲಿ ಕ್ಯಾಲೊರಿ ತೋರಿಸಬೇಕೆಂಬ ನಿಯಮವಿದೆ. ಎರಡು ತಿನಿಸುಗಳನ್ನು ಹೋಲಿಸಿ ನೋಡಲು ಮಗಳಿಗೇ ಬಿಡಿ. ಆದರೆ ‘ದಪ್ಪ ಆಗ್ತಿ’ ಎಂಬ ಮಾತು ಬೇಡವೇ ಬೇಡ. ಈ ವಯಸ್ಸಿನಲ್ಲಿ ಆ ಒಂದು ಮಾತಿಗೆ ಊಟ ಬಿಡುವವರೂ ಇದ್ದಾರೆ.

ಇನ್ನು ದುಡ್ಡು. ದಿನಾ ಕೇಳಿದಾಗ ಇಪ್ಪತ್ತು, ಮೂವತ್ತು ಕೊಡುವುದಕ್ಕಿಂತ ವಾರದ ದುಡ್ಡು ಒಟ್ಟಿಗೆ ಕೊಡಿ. ಸೋಮವಾರವೇ ಖರ್ಚಾದರೆ ಮತ್ತೆ ಕೊಡಬೇಡಿ. ಮನೆಗೆ ಬಂದಾಗ ‘ಎಷ್ಟು ತಿಂದಿ’ ಅನ್ನುವ ಬದಲು ‘ಏನ್ ತಿಂದಿ, ಚಲೋ ಇತ್ತೇನು’ ಅಂತ ಕೇಳಿ. ಯಾವ ಬಂಡಿಯ ಎಣ್ಣೆ ಹೇಗಿತ್ತು ಅಂತ ಅವರೇ ಹೇಳುತ್ತಾರೆ.